ಅನ್ಯದೇಶೀಯ ಸುಷಿರವಾದ್ಯಗಳ ಸ್ವೀಕಾರ: ಶಾಕುಹಾಚಿ ಮತ್ತು ಸ್ಯಾಕ್ಸೋಫೋನ್

ಒಂದು ನಾಡಿನ ವಾದ್ಯವನ್ನು ಮತ್ತೊಂದು ನಾಡಿನವರು ಕೈಗೆತ್ತಿಕೊಳ್ಳುವುದು ಸಂಸ್ಕೃತಿಯ ಇತಿಹಾಸದಲ್ಲಿ ಹೊಸ ಸಂಗತಿಯೇನೂ ಅಲ್ಲ. ಆದರೆ ಅದರ ಕಾರಣವನ್ನು ಕೇಳಿದಾಗ, ನೂತನ ವಸ್ತುವಿನ ಮೋಹವೆಂಬ ಒಂದೇ ಮಾತಿನಿಂದ ಉತ್ತರವನ್ನು ಮುಗಿಸಿಬಿಡುವುದು ವಾಡಿಕೆಯಾಗಿದೆ. ಮೋಹದಿಂದ ಕೈಗೆ ಬಂದ ವಾದ್ಯ ವರ್ಷ ಕಳೆಯುವುದರೊಳಗೆ ಮೂಲೆ ಸೇರುತ್ತದೆ. ದಶಕಗಳ ಸಾಧನೆಗೆ ಮೋಹವೊಂದೇ ಸಾಲದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ, ಯೂರೋಪು, ಆಸ್ಟ್ರೇಲಿಯಗಳ ಕೆಲವರು ಜಪಾನಿನ ಶಾಕುಹಾಚಿ ಎಂಬ ಬಿದಿರುಕೊಳಲನ್ನು ಜೀವಿತದ ಸಾಧನೆಯಾಗಿ ಸ್ವೀಕರಿಸಿದರು. ಹೆಚ್ಚುಕಡಮೆ ಅದೇ ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡದ ನಾಗಸ್ವರದ ಮನೆತನದವರೊಬ್ಬರು ಪಾಶ್ಚಾತ್ಯರ ಸ್ಯಾಕ್ಸೋಫೋನಿಗೆ ಕರ್ನಾಟಕ ಸಂಗೀತದಲ್ಲಿ ಸ್ಥಾನವನ್ನು ದೊರಕಿಸಿದರು. ಈ ಎರಡು ನಿದರ್ಶನಗಳನ್ನು ಒಟ್ಟಿಗಿಟ್ಟು ನೋಡಿದರೆ, ಒಂದನ್ನೇ ನೋಡಿದಾಗ ಕಾಣದ ಕಾರಣಗಳು ಗೋಚರಿಸುತ್ತವೆಂಬುದು ನಮ್ಮ ಅಭಿಪ್ರಾಯ. ಅವುಗಳನ್ನು ಇಲ್ಲಿ ವಿವರಿಸಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಊದುವಾದ್ಯಗಳ ವಿಚಾರಕ್ಕೆ ಅವು ಹೇಗೆ ಅನ್ವಯಿಸುತ್ತವೆಂಬುದನ್ನು ಕಡೆಯಲ್ಲಿ ಸೂಚಿಸಬಯಸುತ್ತೇವೆ.

೧. ಶಾಕುಹಾಚಿಯ ಪೂರ್ವಚರಿತ್ರೆ

ಶಾಕುಹಾಚಿ ಬಿದಿರಿನ ಬೇರಿನ ಭಾಗವನ್ನೂ ಸೇರಿಸಿ ಕಡಿದು ಮಾಡಿದ ಕೊಳಲು. ಶಾಕು ಎಂಬುದು ಜಪಾನಿನ ಹಳೆಯ ಅಳತೆ. ಹಾಚಿ ಎಂದರೆ ಎಂಟು. ಒಂದು ಶಾಕು ಮತ್ತು ಅದರ ಹತ್ತನೆಯ ಎಂಟು ಭಾಗ, ಅಂದರೆ ಸುಮಾರು ೫೪.೫ ಸೆಂಟಿಮೀಟರ್, ಇದರ ಪ್ರಮಾಣಭೂತವಾದ ಉದ್ದವಾದ್ದರಿಂದ ಈ ಹೆಸರು ಬಂದಿದೆ. ನಮ್ಮ ಕೊಳಲಿನಂತೆ ಇದನ್ನು ಅಡ್ಡಲಾಗಿ ಹಿಡಿಯುವುದಿಲ್ಲ. ನೆಟ್ಟಗೆ ಹಿಡಿದು ಮೇಲ್ತುದಿಯ ಅಂಚಿಗೆ ಉಸಿರನ್ನು ಊದುತ್ತಾರೆ. ಮುಂಭಾಗದಲ್ಲಿ ನಾಲ್ಕು, ಹಿಂಭಾಗದಲ್ಲಿ ಒಂದು, ಹೀಗೆ ಐದೇ ರಂಧ್ರಗಳು. ಉಳಿದ ಸ್ವರಗಳನ್ನು ರಂಧ್ರವನ್ನು ಅರೆಬರೆ ಮುಚ್ಚಿಯೂ, ತಲೆಯನ್ನು ತಗ್ಗಿಸಿ ಎತ್ತಿಯೂ ಪಡೆಯಬೇಕು. ಆದಕಾರಣ ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವುದು, ಸ್ವರವನ್ನು ಬಾಗಿಸುವುದು, ಉಸಿರಿನ ಸದ್ದನ್ನೇ ನಾದದ ಅಂಗವಾಗಿ ಮಾಡುವುದು ಈ ವಾದ್ಯದ ಸಹಜಧರ್ಮ. ಗಮಕವನ್ನು ಬಲ್ಲ ಕನ್ನಡ ಕಿವಿಗೆ ಇದು ತೀರ ಅಪರಿಚಿತವೆನಿಸದು.

ಟೊಕುಗಾವ ಪ್ರಭುಗಳ ಆಳ್ವಿಕೆಯಲ್ಲಿ ಈ ವಾದ್ಯ ಝೆನ್ ಬೌದ್ಧಧರ್ಮಕ್ಕೆ ಸೇರಿದ ಫುಕೆ ಪಂಥದ ಸಂನ್ಯಾಸಿಗಳ ಸ್ವತ್ತಾಗಿತ್ತು. ಕೊಮುಸೊ ಎಂದು ಕರೆಯಲ್ಪಡುತ್ತಿದ್ದ ಇವರು ಮುಖ ಕಾಣದಂತೆ ಬುಟ್ಟಿಯಾಕಾರದ ಟೋಪಿಯನ್ನು ಧರಿಸಿ, ಕೊಳಲೂದುತ್ತ ಭಿಕ್ಷಾಟನೆ ಮಾಡುತ್ತಿದ್ದರು. ಯೋಧವರ್ಗದಲ್ಲಿ ಹುಟ್ಟಿದವರಿಗೆ ಮಾತ್ರ ಪಂಥದಲ್ಲಿ ಪ್ರವೇಶವೆಂಬುದು ನಿಯಮ. ಕುರೊಸಾವ ಕಿಂಕೊ (೧೭೧೦–೧೭೭೧) ಎಂಬವನು ಪಂಥದ ವಾದನಕೃತಿಗಳನ್ನು ಸಂಗ್ರಹಿಸಿ ವ್ಯವಸ್ಥೆಗೊಳಿಸಿದನು. ಅವನ ಹೆಸರಿನ ಶಾಖೆ ಇಂದಿಗೂ ಉಂಟು. ೧೮೭೧ರಲ್ಲಿ ಮೇಜಿ ಸರ್ಕಾರವು ಫುಕೆ ಪಂಥವನ್ನೇ ರದ್ದುಮಾಡಿತು. ಮಠದ ಆಶ್ರಯ ತಪ್ಪಿದ ಈ ಕೊಳಲು ನಾಶವಾಗಬೇಕಾಗಿತ್ತು. ಆದರೆ ಗೃಹಸ್ಥರಿಗೂ ಕಲಿಸುವ ಗುರುಗಳಿದ್ದುದರಿಂದ ಉಳಿಯಿತು. ೧೮೯೬ರಲ್ಲಿ ನಕಾವೊ ತೊಝಾನ್ ಸ್ಥಾಪಿಸಿದ ಶಾಖೆಯಂತೂ ಸಾಮಾನ್ಯ ಜನರ ನಡುವೆಯೇ ಬೆಳೆಯಿತು. ಹುಟ್ಟಿನ ನಿಯಮ ಬಿದ್ದುಹೋದ ಮೇಲೆಯೇ ಈ ವಾದ್ಯಕ್ಕೆ ಹೊರನಾಡಿನ ಬಾಗಿಲು ತೆರೆಯಿತೆಂಬುದನ್ನು ಇಲ್ಲಿ ಗಮನಿಸತಕ್ಕದ್ದು.

೨. ಪಾಶ್ಚಾತ್ಯರು ಸ್ವೀಕರಿಸಿದ ಕಾರಣಗಳು

ಮೊದಲನೆಯ ಕಾರಣ ನಾದಕ್ಕೆ ಸಂಬಂಧಿಸಿದುದು. ಜರ್ಮನಿಯ ಥಿಯೊಬಾಲ್ಡ್ ಬೋಮ್ ೧೮೪೭ರಲ್ಲಿ ರೂಪಿಸಿದ ಕೊಳಲೇ ಇಂದಿನ ಪಾಶ್ಚಾತ್ಯ ಕೊಳಲಿಗೆ ಮೂಲ. ಅದರಲ್ಲಿ ರಂಧ್ರಗಳನ್ನು ಬೆರಳು ಮುಚ್ಚುವುದಿಲ್ಲ, ಲೋಹದ ಕೀಲಿಗಳು ಮುಚ್ಚುತ್ತವೆ. ಎಲ್ಲ ಸ್ವರಗಳೂ ಒಂದೇ ತೂಕದಲ್ಲಿ, ಸ್ಪಷ್ಟವಾಗಿ, ವಾದ್ಯವೃಂದದ ಶ್ರುತಿಗೆ ಹೊಂದಿ ನುಡಿಯುವಂತಾಯಿತು. ಇದು ದೊಡ್ಡ ಲಾಭ. ಆದರೆ ಸ್ವರದಿಂದ ಸ್ವರಕ್ಕೆ ಜಾರುವ ಸೌಕರ್ಯವೂ ಉಸಿರಿನ ಒರಟುತನವೂ ಬಹುಮಟ್ಟಿಗೆ ಹಿಂದಕ್ಕೆ ಸರಿದವು. ಶಾಕುಹಾಚಿಯಲ್ಲಿ ಪಾಶ್ಚಾತ್ಯ ವಾದಕನು ಕೇಳಿದುದು ತನ್ನ ವಾದ್ಯ ಬಿಟ್ಟುಕೊಟ್ಟ ಈ ಗುಣಗಳನ್ನೇ.

ಎರಡನೆಯದು ಸಾಧನೆಯ ಸ್ವರೂಪ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಝೆನ್ ಧರ್ಮದ ಬಗ್ಗೆ ಆಸಕ್ತಿ ಹಬ್ಬಿತು, ಡಿ. ಟಿ. ಸುಝುಕಿಯವರು ೧೯೫೦ರ ದಶಕದಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಉಪನ್ಯಾಸಗಳು ಅದಕ್ಕೆ ಪ್ರೇರಕವಾದವು. ಊದುವುದೇ ಧ್ಯಾನವೆಂಬ, ಸುಯಿಝೆನ್ ಎಂದು ಕರೆಯಲಾಗುವ ಭಾವನೆ ಈ ಕೊಳಲಿನೊಡನೆ ಸೇರಿಕೊಂಡಿದೆ. ಸಹವಾದಕರಿಲ್ಲದೆ, ಸಭೆಯಿಲ್ಲದೆ, ಒಬ್ಬನೇ ಕುಳಿತು ಪೂರ್ಣತೆಯನ್ನು ಕಾಣಬಹುದಾದ ವಿದ್ಯೆ ಅದು.

ಮೂರನೆಯದು, ನಮ್ಮ ದೃಷ್ಟಿಯಲ್ಲಿ ನಿರ್ಣಾಯಕವಾದುದು, ಗುರುಗಳೂ ವಿದ್ಯಾಸಂಸ್ಥೆಗಳೂ ಒದಗಿದುದು. ೧೯೬೭ರಲ್ಲಿ ತೊರು ತಕೆಮಿತ್ಸು ಅವರು ಶಾಕುಹಾಚಿಯನ್ನೂ ಬಿವ ಎಂಬ ತಂತಿವಾದ್ಯವನ್ನೂ ಪಾಶ್ಚಾತ್ಯ ವಾದ್ಯವೃಂದದ ಎದುರಿಗೆ ನಿಲ್ಲಿಸಿದ ಕೃತಿ ನ್ಯೂಯಾರ್ಕಿನಲ್ಲಿ ಪ್ರಥಮವಾಗಿ ಪ್ರಯೋಗಗೊಂಡಿತು. ೧೯೬೭–೬೮ರಲ್ಲಿ ಕಿಂಕೊ ಶಾಖೆಯ ಯಮಗುಚಿ ಗೊರೊ ಅವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿದ್ದು ಬೋಧಿಸಿದರು. ೧೯೭೭ರಲ್ಲಿ ಆಕಾಶಕ್ಕೆ ಹಾರಿದ ವಾಯೇಜರ್ ನೌಕೆಗಳ ಧ್ವನಿಫಲಕದಲ್ಲಿ ಅವರ ವಾದನವೂ ಸೇರಿತು. ೧೯೮೦ರಲ್ಲಿ ಅಮೆರಿಕದ ರೈಲಿ ಲೀ ಅವರಿಗೆ ಮಹಾಗುರುವಿನ ಪದವಿ ದೊರೆಯಿತು. ಜಪಾನೀಯರಲ್ಲದವರಿಗೆ ಆ ಪದವಿ ಸಂದದ್ದು ಅದೇ ಮೊದಲು. ಕಲಿಯಬಯಸುವವನಿಗೆ ಕಲಿಸುವವನು ಸಿಕ್ಕಿದ್ದಲ್ಲದೆ, ಕಲಿತವನಿಗೆ ಪರಂಪರೆಯೊಳಗೆ ಸ್ಥಾನವೂ ಸಿಕ್ಕಿತು.

ಅದೇ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ೧೯೬೩ರಿಂದ ಟಿ. ರಂಗನಾಥನ್ ಅವರು ಮೃದಂಗವನ್ನೂ, ೧೯೭೫ರಿಂದ ಅವರ ಸೋದರ ಟಿ. ವಿಶ್ವನಾಥನ್ ಅವರು ಕರ್ನಾಟಕ ಸಂಗೀತದ ಕೊಳಲನ್ನೂ ಬೋಧಿಸಿದರು. ಈ ಸೋದರರ ಶಿಷ್ಯರಾದ ಅಮೆರಿಕದ ಜಾನ್ ಹಿಗ್ಗಿನ್ಸ್ ಭಾಗವತರೆಂದೇ ಪ್ರಸಿದ್ಧರಾದರು. ನಮ್ಮ ತಾಲ್ಲೂಕುಗಳಿಗೆ ಸಮೀಪದ ಹಂಪೆಯೊಡನೆ ಸಂಬಂಧವಿದ್ದ ವ್ಯಾಸರಾಯರ ಕನ್ನಡ ಪದವು ಹಿಗ್ಗಿನ್ಸರ ಕಂಠದಿಂದ ಬಹುಜನರ ಮನ್ನಣೆಯನ್ನು ಪಡೆಯಿತು. ಶಾಕುಹಾಚಿಯ ಸ್ವೀಕಾರವು ಒಂಟಿ ಘಟನೆಯಲ್ಲ, ಒಂದು ವಿಶಾಲ ಚಲನೆಯ ಅಂಗವೆಂಬುದು ಇದರಿಂದ ವಿದಿತವಾಗುತ್ತದೆ.

೩. ಕನ್ನಡ ನಾಡಿನ ನಿದರ್ಶನ

ಇನ್ನು ಪ್ರವಾಹದ ದಿಕ್ಕು ತಿರುಗಿದ ನಿದರ್ಶನವನ್ನು ನೋಡೋಣ. ಸ್ಯಾಕ್ಸೋಫೋನ್ ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ನಿರ್ಮಿಸಿ ೧೮೪೬ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಹಿತ್ತಾಳೆಯ ವಾದ್ಯ. ಮೈಸೂರು ಅರಸರ ಆಶ್ರಯದಲ್ಲಿ ಪಾಶ್ಚಾತ್ಯ ಬ್ಯಾಂಡು ಬೆಳೆದಿತ್ತು. ಜಯಚಾಮರಾಜೇಂದ್ರ ಒಡೆಯರು ಸ್ವತಃ ಪಿಯಾನೊ ಬಲ್ಲವರಾಗಿದ್ದು, ರಷ್ಯದ ಸಂಗೀತಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ದ್ರವ್ಯಸಹಾಯ ಮಾಡಿದವರು. ೧೯೪೯ರಲ್ಲಿ ಬಂಟ್ವಾಳ ತಾಲ್ಲೂಕಿನಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ಈ ಅರಮನೆಯ ಬ್ಯಾಂಡಿನಲ್ಲಿಯೇ ಸ್ಯಾಕ್ಸೋಫೋನನ್ನು ಕಂಡು ಮನಸೋತರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನು ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಮುಂದೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಅಭ್ಯಾಸಮಾಡಿದರು.

ನಾಗಸ್ವರದಲ್ಲಿ ರಂಧ್ರಗಳು ತೆರೆದಿರುತ್ತವೆ. ಬೆರಳ ತುದಿಯೂ ಉಸಿರೂ ಸೇರಿ ಗಮಕವನ್ನು ಹುಟ್ಟಿಸುತ್ತವೆ. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ ಬರುತ್ತದೆ. ಹೀಗಿರುವಲ್ಲಿ ರಾಗದ ಬಳಕುವ ಸ್ವರಗಳನ್ನು ಅದರಿಂದ ಹೊರಡಿಸುವುದು ಅಸಾಧ್ಯವೆಂದೇ ತೋರುತ್ತದೆ. ಗೋಪಾಲನಾಥರು ದೀರ್ಘಕಾಲದ ಸಾಧನೆಯಿಂದಲೂ ಕೀಲಿಗಳ ವ್ಯವಸ್ಥೆಯಲ್ಲಿ ಮಾಡಿಕೊಂಡ ಮಾರ್ಪಾಡುಗಳಿಂದಲೂ ಈ ತೊಡಕನ್ನು ಗೆದ್ದರು. ೧೯೮೦ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿಯೂ, ೧೯೯೪ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿಯೂ ಅವರ ವಾದನ ನಡೆಯಿತು. ೨೦೦೪ರಲ್ಲಿ ಪದ್ಮಶ್ರೀ ಸಂದಿತು. ಅವರು ೨೦೧೯ರಲ್ಲಿ ನಿಧನರಾದರು.

ಈ ಕಥೆಗೆ ಇನ್ನೊಂದು ತಿರುವುಂಟು. ಕರ್ನಾಟಕ ಮೂಲದ ಕುಟುಂಬಕ್ಕೆ ಸೇರಿ ಅಮೆರಿಕದಲ್ಲಿ ಬೆಳೆದ ರುದ್ರೇಶ ಮಹಾಂತಪ್ಪನವರು ಜಾಝ್ ಸಂಗೀತದ ಸ್ಯಾಕ್ಸೋಫೋನ್ ವಾದಕರು. ಹಿರಿಯರ ನಾಡಿನ ಸಂಗೀತಕ್ಕೆ ಅವರು ಸಮೀಪವಾದದ್ದು ಗೋಪಾಲನಾಥರ ಧ್ವನಿಮುದ್ರಿಕೆಯ ಮೂಲಕ. ಇಬ್ಬರೂ ಕೂಡಿ ನುಡಿಸಿದ ಧ್ವನಿಮುದ್ರಿಕೆ ೨೦೦೮ರಲ್ಲಿ ಹೊರಬಂದಿತು. ಪಶ್ಚಿಮದ ವಾದ್ಯ ಕನ್ನಡ ನಾಡಿಗೆ ಬಂದು, ಇಲ್ಲಿಯ ರಾಗವನ್ನು ಹೊತ್ತು, ಪಶ್ಚಿಮದ ಕನ್ನಡ ಮನೆಯ ಮಗನಿಗೆ ತಲಪಿತು.

೪. ಎರಡು ಬಗೆಯ ಸ್ವೀಕಾರ

ಪಾಶ್ಚಾತ್ಯನು ಕೀಲಿಯ ಕೊಳಲಿನ ನಾಡಿನಿಂದ ತೆರೆದ ರಂಧ್ರದ ಬಿದಿರಿಗೆ ಬಂದನು. ನಮ್ಮವರು ತೆರೆದ ರಂಧ್ರದ ನಾಗಸ್ವರದಿಂದ ಕೀಲಿಯ ಹಿತ್ತಾಳೆಗೆ ಹೋದರು. ದಾರಿಗಳು ವಿರುದ್ಧವಾದರೂ ಇಬ್ಬರೂ ಅರಸಿದುದು ಬಾಗುವ, ಬಳಕುವ ಸ್ವರವನ್ನೇ. ಭೇದವಿರುವುದು ಬೇರೆಡೆ. ಪಾಶ್ಚಾತ್ಯನು ವಾದ್ಯದೊಡನೆ ಅದರ ಕೃತಿಗಳನ್ನೂ, ಸ್ವರಲಿಪಿಯನ್ನೂ, ಗುರುಪರಂಪರೆಯನ್ನೂ ಸ್ವೀಕರಿಸಿದನು. ಗೋಪಾಲನಾಥರು ವಾದ್ಯವನ್ನು ಮಾತ್ರ ತೆಗೆದುಕೊಂಡು ಅದರ ಸಂಗೀತವನ್ನು ಅಲ್ಲಿಯೇ ಬಿಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲಸ್ವಾಮಿ ದೀಕ್ಷಿತರೇ ಮೊದಲಾದವರು ಪಿಟೀಲನ್ನು ಸ್ವೀಕರಿಸಿದ್ದೂ ಹೀಗೆಯೇ: ನೆಲದ ಮೇಲೆ ಕುಳಿತು ನುಡಿಸುವಂತೆ ಹಿಡಿತವನ್ನು ಬದಲಿಸಿ, ತಂತಿಗಳನ್ನು ನಮ್ಮ ಷಡ್ಜಪಂಚಮಗಳಿಗೆ ಹೊಂದಿಸಿ, ಅದನ್ನು ನಮ್ಮದಾಗಿಸಲಾಯಿತು.

ಈ ಭೇದಕ್ಕೆ ಕಾರಣವೇನು? ತನ್ನ ಸಂಗೀತವು ಸಮಗ್ರವೆಂದು ನಂಬಿದವನು ಅನ್ಯರಿಂದ ಉಪಕರಣವನ್ನಷ್ಟೇ ಬೇಡುತ್ತಾನೆ. ತನ್ನಲ್ಲಿ ಏನೋ ಕೊರತೆಯಿದೆಯೆಂದು ಅರಿತವನು ಪರಂಪರೆಯನ್ನೇ ಬೇಡುತ್ತಾನೆ. ಮೊದಲನೆಯದನ್ನು ವಾದ್ಯಸ್ವೀಕಾರವೆಂದೂ ಎರಡನೆಯದನ್ನು ಪರಂಪರಾಸ್ವೀಕಾರವೆಂದೂ ಹೇಳಬಹುದು. ಮೊದಲನೆಯದಕ್ಕೆ ಸ್ವಂತ ಸಂಗೀತದ ಗುರುವಿದ್ದರೆ ಸಾಕು. ಎರಡನೆಯದಕ್ಕೆ ಅನ್ಯನಿಗೆ ಕಲಿಸಲು ಒಪ್ಪುವ ಗುರು ಬೇಕು. ಮೋಹವೆಂಬ ಒಂದೇ ಮಾತು ಈ ಎರಡರಲ್ಲಿ ಯಾವುದನ್ನೂ ವಿವರಿಸಲಾರದು.

೫. ನಮ್ಮ ತಾಲ್ಲೂಕುಗಳ ವಿಚಾರ

ಈಗ ವಿಜಯನಗರ ಜಿಲ್ಲೆಗೆ ಸೇರಿರುವ ನಮ್ಮ ತಾಲ್ಲೂಕುಗಳಲ್ಲಿ ಕೊಟ್ಟೂರೇಶ್ವರನ ತೇರು, ಮೈಲಾರದ ಕಾರಣಿಕ ಮೊದಲಾದ ಜಾತ್ರೆಗಳಿಗೆ ಜನ ಸಾವಿರಾರಾಗಿ ಸೇರುತ್ತಾರೆ. ಮದುವೆ, ಮೆರವಣಿಗೆಗಳ ಮಂಗಳವಾದ್ಯ ಸನಾದಿ. ಅದೂ ತೆರೆದ ರಂಧ್ರಗಳ ವಾದ್ಯವೇ. ಪಾಶ್ಚಾತ್ಯ ವಾದಕನು ದೂರದ ಜಪಾನಿನಲ್ಲಿ ಅರಸಿದ ಸ್ವರದ ಬಳುಕು ನಮ್ಮ ಬೀದಿಯ ಸನಾದಿಯಲ್ಲಿಯೂ ಇದೆ. ಬ್ಯಾಂಡಿನವರ ಕ್ಲಾರಿಯೋನೆಟ್ಟು ಅದರ ಪಕ್ಕಕ್ಕೆ ಬಂದು ನಿಂತಿರುವುದನ್ನು ಕಂಡು ಕೆಲವರು ಖೇದಪಡುತ್ತಾರೆ. ಮೇಲಿನ ವಿವೇಚನೆಯಿಂದ ಹೇಳುವುದಾದರೆ, ಹೊಸ ವಾದ್ಯದ ಆಗಮನವೇ ಹಾನಿಯಲ್ಲ. ಹಳೆಯ ಮಟ್ಟುಗಳನ್ನು ಬಲ್ಲವನ ಕೈಗೆ ಅದು ಬಂದರೆ ವಾದ್ಯಸ್ವೀಕಾರವಾಗುತ್ತದೆ. ಅವುಗಳನ್ನು ಬಲ್ಲವನೇ ಇಲ್ಲದಾದರೆ ಮಾತ್ರ ನಷ್ಟ.

ಆದುದರಿಂದ ಕೇಳಬೇಕಾದ ಪ್ರಶ್ನೆ ಕಲಿಯುವವರು ಯಾರು ಎಂಬುದು. ಸನಾದಿವಾದನ ಹೆಚ್ಚಾಗಿ ವಂಶಪಾರಂಪರ್ಯದ ವೃತ್ತಿ. ಊದುವಾದ್ಯಕ್ಕೆ ಎಂಜಲಿನ ಭಾವನೆ ಅಂಟಿದ್ದರಿಂದ, ಅದರ ನಾದವನ್ನು ಮಂಗಳಕರವೆಂದು ಕರೆಸಿಕೊಂಡ ಸಮಾಜವೇ ಅದನ್ನು ನುಡಿಸಿದವನನ್ನು ಹೊರಗೆ ನಿಲ್ಲಿಸಿತು. ಹೀಗಿರುವಾಗ ಆ ಮನೆಯ ಮಗನು ಬೇರೆ ಉದ್ಯೋಗವನ್ನು ಅರಸಿದರೆ ಅವನನ್ನು ದೂಷಿಸುವುದು ನ್ಯಾಯವಲ್ಲ. ಇತರರ ಮಕ್ಕಳು ಆ ವಿದ್ಯೆಯನ್ನು ಅವನ ಹಿರಿಯರ ಪಾದದ ಬಳಿ ಕುಳಿತು ಕಲಿಯಬಲ್ಲರೆ, ಅದಕ್ಕೆ ತಕ್ಕ ವೇತನವನ್ನೂ ಗೌರವವನ್ನೂ ಸಲ್ಲಿಸಬಲ್ಲರೆ ಎಂಬುದೇ ಪರೀಕ್ಷೆ. ೧೮೭೧ರ ತರುವಾಯ ಶಾಕುಹಾಚಿಯನ್ನು ಉಳಿಸಿದುದು ಹುಟ್ಟನ್ನು ಕೇಳದ ಈ ಬಗೆಯ ಶಿಷ್ಯತ್ವವೇ.

ನಮ್ಮ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ತಂತಮ್ಮ ಊರಿನ ಊದುವಾದ್ಯದ ಮನೆಗಳಿಗೆ ಹೋಗಿ, ಮಟ್ಟುಗಳ ಹೆಸರು, ಅವನ್ನು ನುಡಿಸುವ ಸಂದರ್ಭ, ಕಲಿಸಿದವರ ವಿವರ, ವಾದ್ಯವನ್ನು ತರಿಸಿದ ಊರು ಇವುಗಳನ್ನು ಹಿರಿಯರ ಒಪ್ಪಿಗೆಯಿಂದ ಬರೆದಿಡಬೇಕೆಂದು ಸೂಚಿಸುತ್ತೇವೆ. ಶಾಸನಗಳು ಕಲ್ಲಿನಲ್ಲಿರುವುದರಿಂದ ಇನ್ನೂ ಕಾಯುತ್ತವೆ. ಉಸಿರಿನಲ್ಲಿರುವ ದಾಖಲೆಗೆ ಅಷ್ಟು ಆಯುಸ್ಸಿಲ್ಲ.