ರಾತ್ರಿ ಸಿಸಿಟಿವಿ ಚಿತ್ರ ಮಸುಕಾಗುವುದೇಕೆ?

ಮನೆಯ ಸಿಸಿಟಿವಿ ಕ್ಯಾಮೆರಾ ಕತ್ತಲಲ್ಲಿ ನೋಡುವುದು ತನ್ನದೇ ಅವಕೆಂಪು ದೀಪಗಳ ಬೆಳಕಿನಲ್ಲಿ. ಸಾಮಾನ್ಯವಾಗಿ 850 ನ್ಯಾನೊಮೀಟರ್ ತರಂಗಾಂತರದ ಈ ಬೆಳಕಿಗೆ ಬಣ್ಣ ತೋರಿಸುವ ಶಕ್ತಿಯಿಲ್ಲ; ಚಿತ್ರ ಕಪ್ಪು-ಬಿಳುಪಾಗುವುದು ಅದಕ್ಕೇ. ಚಿತ್ರ ಮಸುಕಾದರೆ, ಸಾರವಾಡದಂಥ ಎರೆಮಣ್ಣಿನ ಊರುಗಳಲ್ಲಿ ಮೊದಲು ನೋಡಬೇಕಾದದ್ದು ಧೂಳು. ಗಾಜಿನ ಮೇಲೆ ಕೂತ ಧೂಳು, ಜೇಡರ ಬಲೆ ಆ ಬೆಳಕನ್ನು ಮಸೂರಕ್ಕೇ ಹಿಂದಿರುಗಿಸಿ ಇಡೀ ಚಿತ್ರಕ್ಕೆ ಬಿಳಿ ಮಂಜು ಕವಿಸುತ್ತವೆ. ಹೊಸ ಕ್ಯಾಮೆರಾ ಕೊಳ್ಳುವ ಮುನ್ನ ಮೆತ್ತನೆಯ ಬಟ್ಟೆಯಿಂದ ಗಾಜು ಒರೆಸಿ ನೋಡುವುದೇ ಜಾಣತನ. ಸುಣ್ಣ ಬಳಿದ ಗೋಡೆ ಅಥವಾ ತಗಡು ತೀರ ಹತ್ತಿರವಿದ್ದರೆ ಕ್ಯಾಮೆರಾ ಅದರ ಹೊಳಪಿಗೆ ಹೊಂದಿಕೊಂಡು ದೂರದ ಬಾಗಿಲನ್ನು ಕಪ್ಪಾಗಿಸುತ್ತದೆ. ಆಗ ಕ್ಯಾಮೆರಾದ ಮುಖ ತುಸು ತಿರುಗಿಸಬೇಕು. ನಡೆಯುವವರು ಕಲಸಿದಂತೆ ಕಂಡರೆ ಬೆಳಕು ಸಾಲದೆ ಸಂವೇದಕ ಹೆಚ್ಚು ಹೊತ್ತು ತೆರೆದಿದೆ ಎಂದರ್ಥ. ಅಂಗಳದಲ್ಲೊಂದು ಎಲ್‌ಇಡಿ ಬಲ್ಬು, ಮಸೂರಕ್ಕೆ ನೇರ ಬೀಳದಂತೆ ಉರಿದರೆ ಗುರುತು ಸ್ಪಷ್ಟವಾಗುತ್ತದೆ.