ಎಕ್ಸೆಲ್ ಫಾರ್ಮ್‌ಗಳ ನಡುವೆ ಮೌಲ್ಯ ದಾಟುವ ಬಗೆ

ಎಕ್ಸೆಲ್‌ನ ವಿಬಿಎ ಮ್ಯಾಕ್ರೋ ಒಂದರಲ್ಲಿ ಮೊದಲ ಯೂಸರ್‌ಫಾರ್ಮ್ ಗ್ರಾಹಕ ಸಂಖ್ಯೆ ಕೇಳುತ್ತದೆ, ಎರಡನೆಯದು ಆ ಸಂಖ್ಯೆಯ ಬಿಲ್ ತೋರಿಸಬೇಕು. ಎರಡರ ಕೋಡ್‌ನಲ್ಲೂ ಒಂದೇ ಹೆಸರಿನ ವೇರಿಯೇಬಲ್ ಇದ್ದರೆ ಮೌಲ್ಯ ತಾನಾಗಿ ದಾಟುತ್ತದೆ ಎಂಬುದು ಹೊಸಬರ ನಂಬಿಕೆ. ದಾಟುವುದಿಲ್ಲ. ಬೀದಿಯಲ್ಲಿ ಇಬ್ಬರು ಮಂಜುನಾಥರಿದ್ದ ಮಾತ್ರಕ್ಕೆ ಒಬ್ಬನ ಮನಿಯಾರ್ಡರ್ ಇನ್ನೊಬ್ಬನ ಕೈ ಸೇರದು. ಪ್ರೊಸೀಜರ್‌ನೊಳಗೆ ಡಿಮ್ ಎಂದು ಘೋಷಿಸಿದ್ದು ಆ ಪ್ರೊಸೀಜರ್ ಮುಗಿದೊಡನೆ ಅಳಿಯುತ್ತದೆ; ಫಾರ್ಮ್‌ನ ಕೋಡ್‌ನ ಮೇಲ್ಭಾಗದಲ್ಲಿ ಹಾಗೆ ಘೋಷಿಸಿದ್ದು ಆ ಫಾರ್ಮ್‌ಗಷ್ಟೇ ಸೇರಿದ್ದು. ಘೋಷಿಸದೆ ಬಳಸಿದರಂತೂ ವಿಬಿಎ ತುಟಿಬಿಚ್ಚದೆ ಎರಡೂ ಕಡೆ ಬೇರೆಬೇರೆ ಖಾಲಿ ವೇರಿಯೇಬಲ್ ಹುಟ್ಟಿಸುತ್ತದೆ. ಆಪ್ಷನ್ ಎಕ್ಸ್‌ಪ್ಲಿಸಿಟ್ ಎಂಬ ಒಂದು ಸಾಲಿದ್ದರೆ ಈ ತಪ್ಪು ಕಂಪೈಲ್ ಹಂತದಲ್ಲೇ ಸಿಕ್ಕಿಬೀಳುತ್ತದೆ.

ಪಬ್ಲಿಕ್ ಎಂದು ಬರೆದರೆ ಸಾಕು ಎಂಬುದು ಅರ್ಧಸತ್ಯ. ಸ್ಟ್ಯಾಂಡರ್ಡ್ ಮಾಡ್ಯೂಲ್‌ನಲ್ಲಿ ಬರೆದದ್ದು ಪ್ರಾಜೆಕ್ಟ್‌ನ ಎಲ್ಲ ಫಾರ್ಮ್‌ಗಳಿಗೂ ಕಾಣುತ್ತದೆ. ಫಾರ್ಮ್‌ನೊಳಗೆ ಬರೆದದ್ದು ಆ ಫಾರ್ಮ್‌ನ ಸದಸ್ಯನಾಗುತ್ತದೆ. ಹೊರಗಿನಿಂದ ಓದಲು ಫಾರ್ಮ್‌ನ ಹೆಸರು, ಚುಕ್ಕೆ, ಆಮೇಲೆ ವೇರಿಯೇಬಲ್ ಹೆಸರು ಬೇಕು. ಅರೇಗಳನ್ನು ಫಾರ್ಮ್‌ನಲ್ಲಿ ಪಬ್ಲಿಕ್ ಮಾಡಲು ಬರುವುದೇ ಇಲ್ಲ.

ಹೆಚ್ಚು ದಾರಿತಪ್ಪಿಸುವುದು ಫಾರ್ಮ್ ಮುಚ್ಚುವ ವಿಚಾರ. ಹೈಡ್ ಮತ್ತು ಅನ್‌ಲೋಡ್ ಎರಡರಿಂದಲೂ ಫಾರ್ಮ್ ತೆರೆಯಿಂದ ಮರೆಯಾಗುವುದರಿಂದ ಎರಡೂ ಒಂದೇ ಎನಿಸುತ್ತದೆ. ಹೈಡ್ ಆದ ಫಾರ್ಮ್ ಮೆಮೊರಿಯಲ್ಲಿ ಉಳಿದಿರುತ್ತದೆ, ಅದರ ಪೆಟ್ಟಿಗೆಗಳನ್ನು ಓದಬಹುದು. ಅನ್‌ಲೋಡ್ ಆದದ್ದನ್ನು ಹೆಸರು ಹಿಡಿದು ಕೇಳಿದರೆ ದೋಷಸಂದೇಶವೂ ಬಾರದು: ವಿಬಿಎ ಸದ್ದಿಲ್ಲದೆ ಹೊಸ ಪ್ರತಿಯನ್ನು ಲೋಡ್ ಮಾಡಿ, ಇನಿಶಿಯಲೈಸ್ ಕೋಡನ್ನು ಮತ್ತೆ ನಡೆಸಿ, ಖಾಲಿ ಪೆಟ್ಟಿಗೆಯನ್ನು ಮುಂದಿಡುತ್ತದೆ. ಮೂಲೆಯ X ಗುರುತನ್ನು ಒತ್ತಿದರೂ ಆಗುವುದು ಅನ್‌ಲೋಡ್ ಆದ್ದರಿಂದ, ಕ್ವೆರಿಕ್ಲೋಸ್ ಘಟನೆಯಲ್ಲಿ ಅದನ್ನು ರದ್ದುಮಾಡಿ ಹೈಡ್ ಮಾಡುವುದು ಜಾಣತನ. ನ್ಯೂ ಬಳಸಿ ತೆರೆದ ಪ್ರತಿಯನ್ನು ಫಾರ್ಮ್‌ನ ಮೂಲ ಹೆಸರಿನಿಂದ ಹುಡುಕಿದರೂ ಸಿಗುವುದು ಬೇರೊಂದು ಪ್ರತಿಯೇ.

ಮೋಡಲ್ ಡೈಲಾಗ್ ತೆರೆದಿರುವಾಗ ಹಿಂದಿನ ಫಾರ್ಮನ್ನು ಓದಲಾಗದು ಎಂಬ ಮಾತೂ ಸರಿಯಲ್ಲ. ಅದು ತಡೆಯುವುದು ಬಳಕೆದಾರನ ಕ್ಲಿಕ್ಕನ್ನು ಮತ್ತು ತನ್ನನ್ನು ತೆರೆದ ಕೋಡಿನ ಮುಂದಿನ ಸಾಲನ್ನು. ಹಿಂದಿನ ಫಾರ್ಮ್‌ನ ಮೌಲ್ಯಗಳನ್ನಲ್ಲ. ಆಫೀಸ್ 2000ದೊಂದಿಗೆ ಬಂದ ಮೋಡ್‌ಲೆಸ್ ಫಾರ್ಮ್‌ನಲ್ಲಿ ತೊಡಕು ತಿರುಗುಮುರುಗು. ಶೋ ಆದ ಮರುಗಳಿಗೆಯೇ ಮುಂದಿನ ಸಾಲು ಓಡುವುದರಿಂದ, ಬಳಕೆದಾರ ಟೈಪಿಸುವ ಮೊದಲೇ ಖಾಲಿ ಮೌಲ್ಯ ಓದಿಯಾಗಿರುತ್ತದೆ.

ಇಷ್ಟರಿಂದ ರೋಸಿ ಎಲ್ಲವನ್ನೂ ಗ್ಲೋಬಲ್, ಅಂದರೆ ಸ್ಟ್ಯಾಂಡರ್ಡ್ ಮಾಡ್ಯೂಲ್‌ನ ಪಬ್ಲಿಕ್, ಮಾಡುವವರುಂಟು. ಅವೂ ಶಾಶ್ವತವಲ್ಲ: ಎಂಡ್ ಎಂಬ ಆಜ್ಞೆ ನಡೆದರೆ, ಅಥವಾ ದೋಷದ ಕಿಟಕಿಯಲ್ಲಿ ಎಂಡ್ ಒತ್ತಿದರೆ, ಎಲ್ಲವೂ ಖಾಲಿ. ಒಂದೆರಡು ಮೌಲ್ಯಗಳಿಗಾದರೆ ಎರಡನೆಯ ಫಾರ್ಮ್‌ಗೆ ಪ್ರಾಪರ್ಟಿ ಬರೆದು, ಶೋ ಮಾಡುವ ಮೊದಲೇ ಅದಕ್ಕೆ ಮೌಲ್ಯ ತುಂಬುವುದು ಲೇಸು. ವರ್ಕ್‌ಬುಕ್ ಮುಚ್ಚಿ ತೆರೆದ ಮೇಲೂ ಬೇಕಾದದ್ದನ್ನು ಹಾಳೆಯ ಕೋಶದಲ್ಲಿ ಬರೆದು ಉಳಿಸಬಹುದು.