ರುಚಿ ನಿಮ್ಮದು, ಕಟ್ಟು ಚೆಲ್ಲಬೇಡಿ



ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಮುದ್ದೆಗೆ ಬಸ್ಸಾರು ಒಳ್ಳೆಯ ಜೊತೆ. ಹುರುಳಿ ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಬೆಂದಾಗ ಬಸಿಯಿರಿ. ಕಟ್ಟು ಸಾರಿಗೆ, ಕಾಳು-ಸೊಪ್ಪು ಪಲ್ಯಕ್ಕೆ.

ತೋಟವಿದ್ದವರು ಮಸಾಲೆಗೆ ತೆಂಗಿನಕಾಯಿ ಹೆಚ್ಚು ಹಾಕಲಿ. ಇಲ್ಲದವರು ಒಂದು ಹಿಡಿ ಬೆಂದ ಕಾಳನ್ನೇ ಅರೆದು ಸಾರನ್ನು ಗಟ್ಟಿ ಮಾಡಲಿ. ಖಾರ, ಹುಳಿ ಮನೆಯವರ ನಾಲಿಗೆಗೆ ಬಿಟ್ಟದ್ದು.

ಆದರೆ ಎರಡು ಕ್ರಮ ಬಿಡಬಾರದು. ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಿರಿ. ಹೆಚ್ಚಿ ತೊಳೆದರೆ ಜೀವಸತ್ವ ನೀರುಪಾಲು. ಪಲ್ಯವಷ್ಟೇ ಮಾಡುವ ದಿನವೂ ಕಟ್ಟನ್ನು ಕಲಗಚ್ಚಿಗೆ ಸುರಿಯಬೇಡಿ. ಕಾಳು, ಸೊಪ್ಪು ಬಿಟ್ಟ ಸತ್ವ ಅದರಲ್ಲಿರುತ್ತದೆ.

ಉಣ್ಣುವಾಗ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ರಕ್ತ ಕಡಿಮೆಯಿರುವ ಬಸುರಿ, ಬಾಣಂತಿಯರಿಗೆ ಇದನ್ನು ಮರೆಯದೆ ಬಡಿಸಿರಿ.